24 ವೋಲ್ಟಲ್ಲೇ ಕಲಿಯೋಣ: ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್ ಕಟ್ಟೋದು, ಚಾರ್ಜ್ ಮಾಡೋದು, ಅಳೆಯೋದು

ಮೊದ್ಲೇ ಒಂದು ಗೊಂದಲ ಬಿಡಿಸಿಬಿಡ್ತೀನಿ. ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್ (ಇನ್ಮುಂದೆ ಪಿಎಫ್‌ಎನ್ ಅಂತೀನಿ) ಅನ್ನೋದು ಕೆಪಾಸಿಟರ್‌ನ ಹೈ ವೋಲ್ಟೇಜಿಗೆ ಏರಿಸೋ ಸರ್ಕ್ಯೂಟ್ ಅಲ್ಲ. ತುಂಬಾ ಜನ ಹಾಗೇ ಅಂದ್ಕೊಂಡು ಶುರು ಮಾಡ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಏರಿಸೋ ಕೆಲಸ ಅದರ ಹಿಂದಿರೋ ಚಾರ್ಜಿಂಗ್ ಸರ್ಕ್ಯೂಟಿಂದು, ಪಿಎಫ್‌ಎನ್ ಕೆಲಸ ಶುರು ಆಗೋದು ಖಾಲಿ ಆಗೋ ಹೊತ್ತಿಗೆ. ಆ ಚಾರ್ಜು ಹೆಂಗೆ ಹೊರಗೆ ಬರಬೇಕು, ಎಷ್ಟು ಹೊತ್ತು ಒಂದೇ ಮಟ್ಟದಲ್ಲಿ ನಿಲ್ಲಬೇಕು, ಯಾವಾಗ ದಬಕ್ ಅಂತ ನಿಲ್ಲಬೇಕು, ಇದನ್ನ ತೀರ್ಮಾನ ಮಾಡೋದು ಅದು.

ಇನ್ನೊಂದು ಮಾತು. ಇಲ್ಲಿ ನಾನು ಕಟ್ಟಿಸೋದು 24 ವೋಲ್ಟಿನ ಪಿಎಫ್‌ಎನ್. ಹೈ ವೋಲ್ಟೇಜ್ ಅಂತ ಹುಡುಕ್ಕೊಂಡು ಬಂದೋರಿಗೆ ಇದೇನು ಮಕ್ಕಳಾಟ ಅನ್ನಿಸಬಹುದು, ಆದ್ರೆ ಎಲ್-ಸಿ ಏಣಿಗೆ (ಇಂಡಕ್ಟರ್, ಕೆಪಾಸಿಟರ್ ಒಂದಾದ ಮೇಲೊಂದು ಜೋಡಿಸಿದ ಸಾಲು, ಪಿಎಫ್‌ಎನ್ ಅಂದ್ರೆ ಇದೇ) ತನ್ನ ಮೇಲೆ 24 ವೋಲ್ಟ್ ಇದೆಯೋ 24 ಸಾವಿರ ಇದೆಯೋ ಗೊತ್ತಾಗಲ್ಲ, ಅಲೆ ಅದೇ ಥರ ಓಡತ್ತೆ, ಆಸಿಲೋಸ್ಕೋಪಲ್ಲಿ (ಸ್ಕೋಪ್ ಅಂತೀವಲ್ಲ) ಕಾಣೋ ಆಕಾರ ಅದೇ ಇರತ್ತೆ, ಪಕ್ಕದಲ್ಲಿರೋ ಸ್ಕೇಲ್ ಮಾತ್ರ ಬದಲಾಗತ್ತೆ. 24 ವೋಲ್ಟಲ್ಲಿ ತಪ್ಪು ಮಾಡಿದ್ರೆ ಹತ್ತು ರೂಪಾಯಿ ಪಾರ್ಟ್ ಹೋಗತ್ತೆ. ಕಿಲೋವೋಲ್ಟಲ್ಲಿ ಅದೇ ತಪ್ಪಿಗೆ ಜೀವ ಹೋಗತ್ತೆ. ಹಾಗಾಗಿ ಮನೇಲಿ 60 ವೋಲ್ಟ್ ದಾಟಬೇಡಿ, ಅದರ ಮೇಲಿನದ್ದು ಗೊತ್ತಿರೋರು ಪಕ್ಕದಲ್ಲಿರೋ ಲ್ಯಾಬಲ್ಲಿ ಮಾತ್ರ. ಅಲ್ಲಿ ಏನೇನು ಬದಲಾಗತ್ತೆ ಅಂತ ಕೊನೇಲಿ ಹೇಳ್ತೀನಿ.

ಯಾಕೆ ಬೇಕು ಇದು?

ಹಂಡೆ ತುಂಬಾ ನೀರು ತುಂಬಿಸಿ ಬುಡದ ನಲ್ಲಿ ತಿರುಗಿಸಿ ನೋಡಿ. ಮೊದಲು ಜೋರಾಗಿ ಬರತ್ತೆ, ನೀರಿನ ಮಟ್ಟ ಇಳಿತಾ ಇಳಿತಾ ಸಣ್ಣಗಾಗತ್ತೆ, ಕೊನೇಲಿ ತೊಟ್ಟಿಕ್ಕತ್ತೆ. ಒಂದೇ ಕೆಪಾಸಿಟರ್‌ನ ರೆಸಿಸ್ಟರಿಗೆ ಬಿಟ್ರೆ ಆಗೋದೂ ಅದೇ. ಆದ್ರೆ ರೇಡಾರಲ್ಲಿ ಮೈಕ್ರೋವೇವ್ ಹುಟ್ಟಿಸೋ ಮ್ಯಾಗ್ನೆಟ್ರಾನ್ ಅನ್ನೋ ಟ್ಯೂಬಿಗೆ ಇಂಥಾ ಇಳಿಜಾರು ಆಗಿ ಬರಲ್ಲ, ಕರೆಂಟ್ ಸ್ವಲ್ಪ ಆಚೀಚೆ ಆದ್ರೂ ಅದರ ಫ್ರೀಕ್ವೆನ್ಸಿ ಜರುಗತ್ತೆ. ಮೈಕ್ರೋವೇವನ್ನ ದೊಡ್ಡದು ಮಾಡೋ ಕ್ಲೈಸ್ಟ್ರಾನ್ ಟ್ಯೂಬಲ್ಲಿ ವೋಲ್ಟೇಜ್ ಅಲ್ಲಾಡಿದ್ರೆ ಹೊರಗೆ ಬರೋ ಮೈಕ್ರೋವೇವಿನ ಫೇಸ್ ಅಲ್ಲಾಡತ್ತೆ. ಅವಕ್ಕೆ ಬೇಕಿರೋದು ಕೆಲವು ಮೈಕ್ರೋಸೆಕೆಂಡ್ ಕಾಲ ಮೇಜಿನ ಥರ ಚಪ್ಪಟೆಯಾಗಿ ನಿಲ್ಲೋ ವೋಲ್ಟೇಜು. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಎಂಐಟಿ ರೇಡಿಯೇಷನ್ ಲ್ಯಾಬಲ್ಲಿ ರೇಡಾರಿಗೋಸ್ಕರ ಇದರ ಮೇಲೆ ದೊಡ್ಡ ಕೆಲಸ ನಡೀತು, ಅದರ ಗಣಿತ ಹಾಕಿಕೊಟ್ಟೋರಲ್ಲಿ ಎಂಐಟಿಯ ಅರ್ನ್‌ಸ್ಟ್ ಗಿಲ್ಲೆಮಿನ್ ಮುಖ್ಯ, ಇವತ್ತಿಗೂ ಈ ನೆಟ್‌ವರ್ಕುಗಳಿಗೆ ಅವರ ಹೆಸರೇ ಇದೆ. ಅವುಗಳಲ್ಲಿ ಟೈಪ್ ಇ ಅಂತ ಒಂದು ಬಗೆ ಇದೆ, ನಾವು ಕಟ್ಟೋದು ಅದರ ಅಣ್ಣತಮ್ಮ.

ಒಳಗೆ ಏನಾಗತ್ತೆ ಅಂದ್ರೆ, ರೇಷನ್ ಅಂಗಡಿ ಮುಂದಿನ ಕ್ಯೂ ನೆನೆಸ್ಕೊಳ್ಳಿ. ಬಾಗಿಲು ತೆಗೆದ ತಕ್ಷಣ ಎಲ್ಲರೂ ಒಟ್ಟಿಗೆ ನಡೆಯಲ್ಲ, ಮುಂದಿನವನು ಒಂದು ಹೆಜ್ಜೆ ಇಟ್ಟ ಮೇಲೆ ಅವನ ಹಿಂದಿನವನು, ಆಮೇಲೆ ಅವನ ಹಿಂದಿನವನು, ಹೀಗೆ ಆ 'ಹೊರಟಿತು' ಅನ್ನೋ ಸುದ್ದಿ ಹಿಂದಕ್ಕೆ ಹೋಗತ್ತೆ. ಪಿಎಫ್‌ಎನ್‌ನಲ್ಲಿ ಸ್ವಿಚ್ ಆನ್ ಮಾಡಿದಾಗ ಅಂಥದ್ದೇ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡತ್ತೆ, ದಾರೀಲಿ ಸಿಕ್ಕ ಪ್ರತಿ ಕೆಪಾಸಿಟರನ್ನೂ ಅರ್ಧಕ್ಕೆ ಇಳಿಸ್ತಾ ಹೋಗತ್ತೆ, ಕೊನೆಯ ತುದಿ ಓಪನ್ ಇರೋದ್ರಿಂದ ಅಲ್ಲಿಂದ ತಿರುಗಿ ಬರತ್ತೆ, ಬರೋವಾಗ ಉಳಿದ ಅರ್ಧಾನೂ ಖಾಲಿ ಮಾಡ್ಕೊಂಡು ಬರತ್ತೆ. ಹೋಗಿ ಬರೋ ಅಷ್ಟು ಹೊತ್ತೂ ಲೋಡ್ ಮೇಲೆ, ಅಂದ್ರೆ ಪಲ್ಸ್ ತಗೊಳ್ಳೋ ಭಾಗದ ಮೇಲೆ, ಒಂದೇ ವೋಲ್ಟೇಜು. ಲೋಡಿಗೆ ಚಾರ್ಜ್ ಮಾಡಿದ್ದರ ಅರ್ಧ ವೋಲ್ಟೇಜ್ ಮಾತ್ರ ಸಿಗೋದು ಯಾಕೆ, ಪಲ್ಸಿನ ಅಗಲ ಒಂದು ಕಡೆಯ ಪ್ರಯಾಣದ ಎರಡರಷ್ಟು ಯಾಕೆ ಅನ್ನೋ ಎರಡು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇದು ತಲೆಗೆ ಹೋದ್ರೆ ಮುಂದಿನ ಲೆಕ್ಕ ಎಲ್ಲಾ ಸಲೀಸು.

ಹೆಜ್ಜೆ 1: ಲೆಕ್ಕ

ಮೂರು ಸಂಗತಿ ಮೊದಲು ಗೊತ್ತು ಮಾಡ್ಕೊಬೇಕು. ಲೋಡ್ ಎಷ್ಟು ಓಮ್, ಪಲ್ಸ್ ಎಷ್ಟು ಅಗಲ, ಎಷ್ಟು ಸೆಕ್ಷನ್ (ಒಂದು ಇಂಡಕ್ಟರ್, ಒಂದು ಕೆಪಾಸಿಟರ್ ಸೇರಿದ್ರೆ ಒಂದು ಸೆಕ್ಷನ್). ನಾನು ತಗೊಂಡಿದ್ದು ಸುಮಾರು 50 ಓಮ್, 10 ಮೈಕ್ರೋಸೆಕೆಂಡ್, 5 ಸೆಕ್ಷನ್. ಸೂತ್ರ ಎರಡೇ, ಇದರಲ್ಲಿ ಇಂಪೀಡೆನ್ಸ್ ಅಂದ್ರೆ ಪಿಎಫ್‌ಎನ್‌ನ ಓಮು, ಅದು ಲೋಡಿಗೆ ಸಮ ಇರಬೇಕು:

ಒಂದು ಸೆಕ್ಷನ್ನಿನ ಕೆಪಾಸಿಟರ್ = ಪಲ್ಸ್ ಅಗಲ ÷ (2 × ಸೆಕ್ಷನ್ ಸಂಖ್ಯೆ × ಇಂಪೀಡೆನ್ಸ್)
ಒಂದು ಸೆಕ್ಷನ್ನಿನ ಇಂಡಕ್ಟರ್ = ಪಲ್ಸ್ ಅಗಲ × ಇಂಪೀಡೆನ್ಸ್ ÷ (2 × ಸೆಕ್ಷನ್ ಸಂಖ್ಯೆ)

ಹಾಕಿ ನೋಡಿದ್ರೆ 20 ನ್ಯಾನೋಫ್ಯಾರಡ್, 50 ಮೈಕ್ರೋಹೆನ್ರಿ ಬರತ್ತೆ. ಅಂಗಡೀಲಿ ಈ ಅಳತೆಗಳು ಸಿಗಲ್ಲ, ಸಿಗೋದು 22 ನ್ಯಾನೋ, 47 ಮೈಕ್ರೋಹೆನ್ರಿ. ಅದನ್ನೇ ಹಾಕಿ ತಿರುಗಿಸಿ ಲೆಕ್ಕ ಮಾಡಿ: ಇಂಪೀಡೆನ್ಸ್ = √(47 ಮೈಕ್ರೋ ÷ 22 ನ್ಯಾನೋ) = 46.2 ಓಮ್, ಅಗಲ = 2 × 5 × √(47 ಮೈಕ್ರೋ × 22 ನ್ಯಾನೋ) = 10.17 ಮೈಕ್ರೋಸೆಕೆಂಡ್. 46.2ಕ್ಕೆ 47 ಓಮಿನ ಲೋಡ್, ಅದು ಎಲ್ಲಾ ಕಡೆ ಸಿಗೋ ಅಳತೆ. ಅದೃಷ್ಟ ಅಂದ್ಕೊಳ್ಳಿ.

ಎನರ್ಜಿನೂ ನೋಡ್ಬಿಡೋಣ. ಒಟ್ಟು ಕೆಪಾಸಿಟೆನ್ಸ್ 110 ನ್ಯಾನೋ, 24 ವೋಲ್ಟಿಗೆ ಅರ್ಧ ಸಿ ವಿ ಸ್ಕ್ವೇರ್ ಹಾಕಿದ್ರೆ ಸುಮಾರು 31.7 ಮೈಕ್ರೋಜೂಲ್. ಆ ಕಡೆ ಲೋಡಲ್ಲಿ 12 ವೋಲ್ಟ್, 47 ಓಮ್, 10.17 ಮೈಕ್ರೋಸೆಕೆಂಡ್ ಹಾಕಿದ್ರೆ ಸುಮಾರು 31.2. ಎರಡೂ ಹತ್ತಿರ ಹತ್ತಿರ ಬಂತು ಅಂದ್ರೆ ಲೆಕ್ಕ ಸರಿ ಇದೆ, ತುಂಬಿದ್ದೆಲ್ಲಾ ಲೋಡಿಗೆ ಹೋಗ್ತಿದೆ. ದೊಡ್ಡ ಡಿಸೈನ್ ಮಾಡೋವಾಗ್ಲೂ ಈ ತಾಳೆ ನೋಡೋ ಅಭ್ಯಾಸ ಬಿಡಬೇಡಿ, ಎಲ್ಲೋ ಒಂದು ಎರಡರ ಭಾಗಾಕಾರ ಮರೆತಿದ್ರೆ ಇಲ್ಲೇ ಸಿಕ್ಕಿಬೀಳತ್ತೆ.

5 ಸೆಕ್ಷನ್ನೇ ಯಾಕೆ, 20 ಹಾಕಿದ್ರೆ ಇನ್ನೂ ಚೌಕ ಆಗಲ್ವಾ ಅಂತ ಕೇಳಬಹುದು. ಏರೋ ಅಂಚು ಚೂಪಾಗತ್ತೆ ನಿಜ, ಅದು ಒಂದು ಸೆಕ್ಷನ್ನಿನ ಡಿಲೇಯಷ್ಟು ಇರತ್ತೆ, ನಮ್ಮದರಲ್ಲಿ ಸುಮಾರು 1 ಮೈಕ್ರೋಸೆಕೆಂಡ್. ಆದ್ರೆ ಏರಿದ ತಕ್ಷಣ ಬರೋ ಉಬ್ಬು ಇದ್ಯಲ್ಲ, ಓವರ್‌ಶೂಟು, ಅದು ಸೆಕ್ಷನ್ ಜಾಸ್ತಿ ಮಾಡಿದ್ರೆ ಹೋಗಲ್ಲ, ಕಿರಿದಾಗಿ ಮೂಲೆಗೆ ಸರಿಯತ್ತೆ ಅಷ್ಟೇ. ಗಿಲ್ಲೆಮಿನ್ ಮಾಡಿದ ಜಾಣತನ ಇಲ್ಲೇ ಇರೋದು. ಪೂರ್ತಿ ಚೌಕ ಪಲ್ಸ್ ಕೇಳೋದನ್ನೇ ಬಿಟ್ಟು, ಸ್ವಲ್ಪ ಇಳಿಜಾರಾಗಿ ಏರಿ ಇಳಿಯೋ ಪಲ್ಸನ್ನ ಗುರಿ ಇಟ್ಕೊಂಡ್ರೆ ಕಡಿಮೆ ಸೆಕ್ಷನ್ನಲ್ಲೇ ಚಪ್ಪಟೆ ತಲೆ ಸಿಗತ್ತೆ ಅನ್ನೋದು.

ಹೆಜ್ಜೆ 2: ಸಾಮಾನು

ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಒಂದು ಸುತ್ತು ಹಾಕಿದ್ರೆ ಎಲ್ಲಾ ಸಿಗತ್ತೆ, ಇಲ್ಲಾಂದ್ರೆ ಆನ್‌ಲೈನ್.

ಕೆಪಾಸಿಟರ್: 22 ನ್ಯಾನೋ, 100 ವೋಲ್ಟ್, ಫಿಲ್ಮ್ ಟೈಪು, ಐದು. ಪಾಲಿಪ್ರೊಪಿಲೀನ್ ಸಿಕ್ಕಿದ್ರೆ ಒಳ್ಳೇದು, ಪಾಲಿಯೆಸ್ಟರ್ ಆದ್ರೂ ನಡಿಯತ್ತೆ. ಚಿಕ್ಕ ಸೆರಾಮಿಕ್ ತಗೋಬೇಡಿ, ಸಾಮಾನ್ಯವಾಗಿ ಸಿಗೋ ಸೆರಾಮಿಕ್ಕುಗಳಲ್ಲಿ ವೋಲ್ಟೇಜ್ ಏರಿದ ಹಾಗೆ ಕೆಪಾಸಿಟೆನ್ಸ್ ಇಳಿಯತ್ತೆ, ನಮ್ಮ ಲೆಕ್ಕಾನೇ ಕೆಡತ್ತೆ. ಇದು ಗೊತ್ತಿಲ್ದೆ ನಾನು ಮೊದಲ ಸಲ ಸೆರಾಮಿಕ್ ಹಾಕಿ, ಪಲ್ಸ್ ಯಾಕೆ ಸೊಟ್ಟಗಿದೆ ಅಂತ ಒಂದು ಭಾನುವಾರ ಪೂರ್ತಿ ಇಂಡಕ್ಟರ್‌ನ ಬೈಕೊಂಡು ಕೂತಿದ್ದೆ.

ಇಂಡಕ್ಟರ್: 47 ಮೈಕ್ರೋಹೆನ್ರಿ, ಐದು, 1 ಆಂಪಿಯರ್ ತಡೆಯೋವು. ಪಲ್ಸ್ ಕರೆಂಟ್ ಕಾಲು ಆಂಪಿಯರಷ್ಟೇ, ಆದ್ರೆ ಲೋಡ್ ಶಾರ್ಟ್ ಆದ್ರೆ ಅರ್ಧ ಆಂಪಿಯರ್ ದಾಟತ್ತೆ, ಆಗ ಕೋರ್ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಬೀಳಬಾರದು. ಬೋರ್ಡ್ ಮೇಲೆ ಒಂದಕ್ಕೊಂದು ಅಂಟಿಸಿ ಇಡಬೇಡಿ, ಒಂದನ್ನ ನಿಲ್ಲಿಸಿದ್ರೆ ಪಕ್ಕದ್ದನ್ನ ಮಲಗಿಸಿ, ಇಲ್ದಿದ್ರೆ ಒಂದರ ಫೀಲ್ಡ್ ಇನ್ನೊಂದಕ್ಕೆ ನುಗ್ಗತ್ತೆ.

ಕೈಲೇ ಸುತ್ತೋ ಹುಚ್ಚಿದ್ರೆ ಅದೇ ಚೆನ್ನ. ವೈರಿಂಗಿಗೆ ಹಾಕೋ 25 ಮಿಲಿಮೀಟರ್ ಪಿವಿಸಿ ಪೈಪ್ ಮೇಲೆ 22 ಗೇಜ್ ಎನಾಮಲ್ ತಾಮ್ರದ ತಂತಿ ಒತ್ತೊತ್ತಾಗಿ 68 ಸುತ್ತು ಸುತ್ತಿದ್ರೆ 5 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ ಆಗತ್ತೆ, ಸುಮಾರು 47 ಮೈಕ್ರೋಹೆನ್ರಿ. ಇನ್ನೂ ಮಜಾ ಬೇಕು ಅಂದ್ರೆ ಕತ್ತರಿಸದೇ ಒಂದೇ ಉದ್ದಕ್ಕೆ 340 ಸುತ್ತು ಹಾಕಿ, ಪ್ರತಿ 68ಕ್ಕೆ ಒಂದು ಟ್ಯಾಪ್ ತೆಗೀರಿ. ನಿಜವಾದ ಟೈಪ್ ಇ ಅಂದ್ರೆ ಅದೇ, ಒಂದೇ ಉದ್ದನೆ ಕಾಯಿಲ್, ಸಮನಾದ ಕೆಪಾಸಿಟರ್‌ಗಳು, ಪಕ್ಕಪಕ್ಕದ ಸೆಕ್ಷನ್ನುಗಳ ನಡುವೆ ಬೇಕಂತಲೇ ಬಿಟ್ಟ ಮ್ಯೂಚುವಲ್ ಇಂಡಕ್ಟೆನ್ಸ್ (ಒಂದರ ಫೀಲ್ಡ್ ಇನ್ನೊಂದಕ್ಕೆ ತಾಕೋದು). ಹೀಗೆ ಸುತ್ತಿದ್ರೆ ಒಟ್ಟು ಇಂಡಕ್ಟೆನ್ಸ್ 235 ಇರೋ ಬದಲು 270ರ ಹತ್ರ ಬರತ್ತೆ, ಇಂಪೀಡೆನ್ಸ್ 50 ಓಮಿಗೆ ಏರತ್ತೆ, ಪಲ್ಸ್ 11 ಮೈಕ್ರೋಸೆಕೆಂಡಿಗೆ ಹತ್ರ ಆಗತ್ತೆ. ಅಂದ್ರೆ ಲೋಡನ್ನೂ ಅದಕ್ಕೆ ತಕ್ಕ ಹಾಗೆ ಬದಲಾಯಿಸಿ. ಹಳೇ ರೇಡಾರ್ ಡಿಸೈನುಗಳಲ್ಲಿ ತುದಿಯ ಸೆಕ್ಷನ್ನಿಗೆ ಮಿಕ್ಕವಕ್ಕಿಂತ 20ರಿಂದ 30 ಪರ್ಸೆಂಟ್ ಜಾಸ್ತಿ ಇಂಡಕ್ಟೆನ್ಸ್ ಕೊಡ್ತಿದ್ರು, ಯಾಕಂದ್ರೆ ತುದೀಲಿರೋದಕ್ಕೆ ಒಂದೇ ಪಕ್ಕದಲ್ಲಿ ನೆರೆಯವರು.

ಮಿಕ್ಕಿದ್ದು: ಸ್ವಿಚ್ಚಿಗೆ ಐಆರ್‌ಎಫ್ 540 ಮಾಸ್‌ಫೆಟ್, ಅದನ್ನ ಓಡಿಸೋಕೆ ಒಂದು 555 ಟೈಮರ್, 10 ಕಿಲೋಓಮ್ ಚಾರ್ಜಿಂಗ್ ರೆಸಿಸ್ಟರ್, 47 ಓಮ್ ಲೋಡ್ (ಮೆಟಲ್ ಫಿಲ್ಮ್ ಆಗಲಿ, ಕಾರ್ಬನ್ ಫಿಲ್ಮ್ ಆಗಲಿ, ತಂತಿ ಸುತ್ತಿದ್ದು ಬೇಡ, ಅದೇ ಒಂದು ಇಂಡಕ್ಟರ್), ಆಮೇಲೆ 22 ಓಮ್, 100 ಓಮ್ ಒಂದೊಂದು. 12 ವೋಲ್ಟ್, 24 ವೋಲ್ಟ್ ಎರಡು ಅಡಾಪ್ಟರ್, ಎರಡರ ಮೈನಸ್ ಒಟ್ಟಿಗೆ. ಕಾಲು ವ್ಯಾಟ್ ರೆಸಿಸ್ಟರ್ ಸಾಕು. ಪಲ್ಸ್ ಇರೋ ಹೊತ್ತಲ್ಲಿ ಲೋಡಿಗೆ 3 ವ್ಯಾಟ್ ಬೀಳತ್ತೆ, ಆದ್ರೆ ಸೆಕೆಂಡಿಗೆ ನೂರೇ ಪಲ್ಸ್ ಆಗಿರೋದ್ರಿಂದ ಸರಾಸರಿ 3 ಮಿಲಿವ್ಯಾಟ್. ರೇಡಾರ್ ಗುಟ್ಟು ಇದೇ ನೋಡಿ, ಸಣ್ಣ ಪವರ್ ಸಪ್ಲೈ ನಿಧಾನವಾಗಿ ತುಂಬತ್ತೆ, ಪಿಎಫ್‌ಎನ್ ಒಂದೇ ಏಟಿಗೆ ಹೊರಗೆ ಹಾಕತ್ತೆ.

ಹೆಜ್ಜೆ 3: ಸಿಮ್ಯುಲೇಷನ್

ಬೆಸುಗೆ ಹಾಕೋ ಮುಂಚೆ ಎಲ್‌ಟಿಸ್ಪೈಸಲ್ಲಿ ಹಾಕಿ ನೋಡಿ, ಫ್ರೀ ಸಾಫ್ಟ್‌ವೇರು. ಐದೂ ಕೆಪಾಸಿಟರ್‌ಗೆ ಆರಂಭದ ವೋಲ್ಟೇಜ್ 24 ಕೊಟ್ಟು, ಸೊನ್ನೆ ಟೈಮಲ್ಲಿ ಸ್ವಿಚ್ ಆನ್ ಮಾಡಿ, 40 ಮೈಕ್ರೋಸೆಕೆಂಡ್ ಓಡಿಸಿ. ಪ್ರತಿ ಇಂಡಕ್ಟರಿಗೆ 0.2 ಓಮ್ ಸೀರೀಸ್ ರೆಸಿಸ್ಟೆನ್ಸ್ ಸೇರಿಸೋದು ಮರೀಬೇಡಿ, ಇಲ್ದಿದ್ರೆ ಕಂಪ್ಯೂಟರಲ್ಲಿ ಬಂದಷ್ಟು ಚಂದದ ಪಲ್ಸ್ ಮೇಜಿನ ಮೇಲೆ ಬರಲ್ಲ.

ಹೆಜ್ಜೆ 4: ಜೋಡಣೆ

ಪಿಎಫ್‌ಎನ್‌ಗೆ ಎರಡು ತುದಿ ಇದೆ ಅಂದ್ಕೊಳ್ಳಿ, ಒಂದು 'ಬಿಸಿ' ತುದಿ, ಇನ್ನೊಂದು 'ಕಾಮನ್'. ಬಿಸಿ ತುದಿಯಿಂದ ಮೊದಲ ಇಂಡಕ್ಟರ್, ಅದರ ಆಚೆ ತುದಿಯಿಂದ ಕಾಮನ್‌ಗೆ ಮೊದಲ ಕೆಪಾಸಿಟರ್, ಮತ್ತೆ ಎರಡನೇ ಇಂಡಕ್ಟರ್, ಎರಡನೇ ಕೆಪಾಸಿಟರ್, ಹೀಗೆ ಐದು. ಕೊನೇಲಿ ಏನೂ ಇಲ್ಲ, ಓಪನ್.

ಬಿಸಿ ತುದಿಗೆ ಎರಡು ಸಂಪರ್ಕ: 24 ವೋಲ್ಟಿಂದ 10 ಕಿಲೋಓಮ್ ಮೂಲಕ ಒಂದು, ಮಾಸ್‌ಫೆಟ್ಟಿನ ಡ್ರೈನಿಗೆ ಇನ್ನೊಂದು. ಸೋರ್ಸ್ ಗ್ರೌಂಡಿಗೆ. ಕಾಮನ್ ತುದಿ ನೇರ ಗ್ರೌಂಡಿಗೆ ಹೋಗಬಾರದು, 47 ಓಮ್ ಲೋಡ್ ಮೂಲಕ ಹೋಗಬೇಕು. ಇಲ್ಲೇ ಎಲ್ಲರೂ ಎಡವೋದು. ಮಾಸ್‌ಫೆಟ್ ಆನ್ ಆದಾಗ ಬಿಸಿ ತುದಿ ದಬಕ್ಕಂತ ಗ್ರೌಂಡಿಗೆ ಬರತ್ತೆ, ಕೆಪಾಸಿಟರ್‌ಗಳು ಕಾಮನ್ ತುದಿಯನ್ನ ಕೆಳಗೆ ಎಳೀತಾವೆ, ಲೋಡ್ ಮೇಲೆ ಮೈನಸ್ 12 ವೋಲ್ಟ್ ಬರತ್ತೆ. ಪಲ್ಸ್ ತಲೆಕೆಳಗಾಗಿದೆ ಅಂತ ಗಾಬರಿ ಬೇಡ. ರೇಡಾರ್ ಮಾಡ್ಯುಲೇಟರಲ್ಲೂ (ಟ್ಯೂಬಿಗೆ ಪಲ್ಸ್ ಕೊಡೋ ಸರ್ಕ್ಯೂಟು) ಬೇಕಾಗೋದು ಇದೇ, ಮ್ಯಾಗ್ನೆಟ್ರಾನಿನ ಆನೋಡ್ ಅದರ ಹೊರಗಿನ ಲೋಹದ ಮೈಯೇ ಆಗಿರೋದ್ರಿಂದ ಅದನ್ನ ಗ್ರೌಂಡಲ್ಲಿಟ್ಟು ಕ್ಯಾಥೋಡಿಗೆ ಮೈನಸ್ ಪಲ್ಸ್ ಕೊಡ್ತಾರೆ.

555 ಟೈಮರಿಗೆ 12 ವೋಲ್ಟ್, ಆಸ್ಟೇಬಲ್ ಜೋಡಣೆ, ಅಂದ್ರೆ ತಾನಾಗೇ ಆನ್ ಆಫ್ ಆಗ್ತಾ ಇರೋದು. ಪ್ಲಸ್‌ನಿಂದ 7ನೇ ಪಿನ್ನಿಗೆ 2.2 ಕಿಲೋಓಮ್, 7ರಿಂದ 6ಕ್ಕೆ 680 ಕಿಲೋಓಮ್, ಆ 680ಕ್ಕೆ ಅಡ್ಡವಾಗಿ ಒಂದು 1ಎನ್4148 ಡಯೋಡ್, ಆನೋಡ್ 7ನೇ ಪಿನ್ ಕಡೆ. 6 ಮತ್ತು 2 ಒಟ್ಟಿಗೆ, ಅಲ್ಲಿಂದ ಗ್ರೌಂಡಿಗೆ 22 ನ್ಯಾನೋ. 8 ಮತ್ತು 4 ಪ್ಲಸ್ಸಿಗೆ, 1 ಗ್ರೌಂಡಿಗೆ. 3ನೇ ಪಿನ್ನಿಂದ 10 ಓಮ್ ಮೂಲಕ ಗೇಟಿಗೆ. ಇದರಿಂದ ಸುಮಾರು 37 ಮೈಕ್ರೋಸೆಕೆಂಡ್ ಆನ್, 10 ಮಿಲಿಸೆಕೆಂಡ್ ಆಫ್ ಸಿಗತ್ತೆ. ಚಾರ್ಜಿಂಗ್ ಟೈಮ್ ಕಾನ್‌ಸ್ಟಂಟ್ 10 ಕಿಲೋ × 110 ನ್ಯಾನೋ, ಅಂದ್ರೆ 1.1 ಮಿಲಿಸೆಕೆಂಡ್, ಹಾಗಾಗಿ 10 ಮಿಲಿಸೆಕೆಂಡಲ್ಲಿ ಪಿಎಫ್‌ಎನ್ ಗಂಟಲ ತನಕ ತುಂಬಿರತ್ತೆ. ಆರ್ಡುಯಿನೋ ಪಿನ್ನಿಂದ ನೇರ ಗೇಟಿಗೆ ಕೊಡೋಕೆ ಹೋಗಬೇಡಿ, 5 ವೋಲ್ಟಿಗೆ ಈ ಮಾಸ್‌ಫೆಟ್ ಪೂರ್ತಿ ಆನ್ ಆಗಲ್ಲ, ನಿಧಾನಕ್ಕೆ ಆನ್ ಆಗೋ ಸ್ವಿಚ್ಚಿಂದ ಏರೋ ಅಂಚು ಹಾಳಾಗತ್ತೆ.

ಎರಡೂ ಸಪ್ಲೈಗೆ ಹತ್ತಿರದಲ್ಲೇ 100 ಮೈಕ್ರೋಫ್ಯಾರಡ್ ಒಂದು, 0.1 ಮೈಕ್ರೋ ಒಂದು. ಮಾಸ್‌ಫೆಟ್, ಲೋಡ್, ಪಿಎಫ್‌ಎನ್ ಮೂರರ ನಡುವಿನ ತಂತಿ ಆದಷ್ಟು ಗಿಡ್ಡ.

ಹೆಜ್ಜೆ 5: ಅಳೆಯೋದು

ಸ್ಕೋಪ್ ಪ್ರೋಬಿನ ಗ್ರೌಂಡ್ ಕ್ಲಿಪ್ ಸರ್ಕ್ಯೂಟ್ ಗ್ರೌಂಡಿಗೇ ಹಾಕಬೇಕು. ಕೆಪಾಸಿಟರ್ ವೋಲ್ಟೇಜ್ ನೋಡೋಣ ಅಂತ ಪಿಎಫ್‌ಎನ್ ಕಾಮನ್‌ಗೆ ಕ್ಲಿಪ್ ಸಿಕ್ಕಿಸಿದ್ರೆ, ಇನ್ನೊಂದು ಪ್ರೋಬಿನ ಕ್ಲಿಪ್ ಗ್ರೌಂಡಲ್ಲಿದ್ರೆ, ಸ್ಕೋಪೊಳಗೇ ಲೋಡ್ ಶಾರ್ಟ್ ಆಯ್ತು. ಎರಡು ಚಾನೆಲ್ ಹಾಕಿ ಮ್ಯಾತ್ ಫಂಕ್ಷನ್ನಲ್ಲಿ ಕಳೀರಿ.

ಮೊದಲು ಲೋಡ್. ಮೈನಸ್ 12 ವೋಲ್ಟ್ ಆಸುಪಾಸು, 10 ಮೈಕ್ರೋಸೆಕೆಂಡ್ ಅಗಲ, ಶುರುವಲ್ಲಿ ಒಂದು ಉಬ್ಬು, ತಲೆ ಮೇಲೆ ಸಣ್ಣ ಅಲೆ, ಆಮೇಲೆ ಬಾಲ. ಇದು ಬಂದ್ರೆ ಒಂದು ಕಾಫಿ ಕುಡಿದು ಬನ್ನಿ.

ಆಮೇಲೆ ನನಗೆ ತುಂಬಾ ಇಷ್ಟದ ಪ್ರಯೋಗ. ಐದು ಕೆಪಾಸಿಟರ್‌ಗಳ ವೋಲ್ಟೇಜನ್ನ ಒಂದೊಂದಾಗಿ ನೋಡ್ತಾ ಹೋಗಿ. ಮೊದಲನೇದು 24ರಿಂದ ಬೇಗ 12ಕ್ಕೆ ಇಳಿದು ಅಲ್ಲೇ ಕೂತಿರತ್ತೆ, ಪಲ್ಸ್ ಮುಗಿಯೋ ಹೊತ್ತಿಗೆ ಸೊನ್ನೆಗೆ ಹೋಗತ್ತೆ. ಮೂರನೇದು ತಡವಾಗಿ ಅರ್ಧಕ್ಕೆ ಬಂದು ಬೇಗ ಹೊರಡತ್ತೆ. ಐದನೇದು ಅರ್ಧ ಪಲ್ಸ್ ಮುಗಿಯೋವರೆಗೂ ಏನೂ ಗೊತ್ತಿಲ್ಲದವನ ಥರ 24ರಲ್ಲೇ ಇದ್ದು, ಅಲೆ ತಲುಪಿದ ತಕ್ಷಣ ಅರ್ಧದಲ್ಲಿ ನಿಲ್ಲದೇ ಸೊನ್ನೆ ಕಡೆ ಜಾರತ್ತೆ. ಕ್ಯೂ ಮುಂದಕ್ಕೆ ಸರಿಯೋದು, ತಿರುಗಿ ಬರೋದು, ಎಲ್ಲಾ ಕಣ್ಣೆದುರಿಗೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಬರದ ಅರ್ಥ ನನಗೆ ಬಂದಿದ್ದು ಈ ಐದು ಗೆರೆ ನೋಡಿದ ಮೇಲೆ.

ಈಗ ಲೋಡ್ ಬದಲಾಯಿಸಿ. 100 ಓಮ್ ಹಾಕಿದ್ರೆ ಮೊದಲ ಮೆಟ್ಟಿಲು ಸುಮಾರು 16.4 ವೋಲ್ಟ್, ಹತ್ತು ಮೈಕ್ರೋಸೆಕೆಂಡ್ ಆದ ಮೇಲೆ ಸುಮಾರು 6 ವೋಲ್ಟ್, ಆಮೇಲೆ 2ರ ಹತ್ರ, ದೇವಸ್ಥಾನದ ಮೆಟ್ಟಿಲಿನ ಥರ ಇಳಿಯತ್ತೆ. ಒಂದೇ ಸಲಕ್ಕೆ ಖಾಲಿ ಆಗ್ಲಿಲ್ಲ, ಉಳಿದಿದ್ದು ಮತ್ತೆ ಒಂದು ಸುತ್ತು ಹೊಡೀತು. 22 ಓಮ್ ಹಾಕಿದ್ರೆ ಮೊದಲು 7.7 ವೋಲ್ಟ್, ಆಮೇಲೆ ಉಲ್ಟಾ ದಿಕ್ಕಲ್ಲಿ 2.7ರಷ್ಟು. ಈ ಉಲ್ಟಾ ಕರೆಂಟ್ ನಮ್ಮ ಮಾಸ್‌ಫೆಟ್ಟಲ್ಲಿ ಆರಾಮಾಗಿ ಹರಿಯತ್ತೆ. ಕಿಲೋವೋಲ್ಟ್ ಮಾಡ್ಯುಲೇಟರಲ್ಲಿ ಸ್ವಿಚ್ಚಾಗಿ ಹಾಕೋ, ಒಂದೇ ದಿಕ್ಕಲ್ಲಿ ಹರಿಸೋ ಥೈರಟ್ರಾನಲ್ಲಿ (ಗ್ಯಾಸ್ ತುಂಬಿದ ಟ್ಯೂಬು) ಹರಿಯಲ್ಲ, ಆಗ ಪಿಎಫ್‌ಎನ್ ಮೇಲೆ ಉಲ್ಟಾ ವೋಲ್ಟೇಜ್ ಉಳ್ಕೊಳ್ಳತ್ತೆ. ಅದು ಯಾಕೆ ಅಪಾಯ ಅಂತ ಮುಂದಿನ ಹೆಜ್ಜೇಲಿ ಗೊತ್ತಾಗತ್ತೆ.

ಹೆಜ್ಜೆ 6: ಚಾರ್ಜಿಂಗ್, ಅಸಲಿ ಆಟ

ರೆಸಿಸ್ಟರ್ ಮೂಲಕ ತುಂಬೋದು ಸುಲಭ, ಆದ್ರೆ ದಂಡ. ಕೆಪಾಸಿಟರಲ್ಲಿ ಎಷ್ಟು ಎನರ್ಜಿ ಕೂತ್ಕೊಳ್ಳತ್ತೋ ಅಷ್ಟೇ ರೆಸಿಸ್ಟರಲ್ಲಿ ಬಿಸಿಯಾಗಿ ಹೋಗತ್ತೆ, 10 ಕಿಲೋ ಹಾಕಿ, 1 ಕಿಲೋ ಹಾಕಿ, ಅರ್ಧಕ್ಕರ್ಧ ಸುಡೋದು ತಪ್ಪಲ್ಲ. ನಮ್ಮ 3 ಮಿಲಿವ್ಯಾಟಿಗೆ ಯಾರು ಕೇಳ್ತಾರೆ, ಆದ್ರೆ ಕಿಲೋವ್ಯಾಟ್ ಲೆಕ್ಕದ ಮಾಡ್ಯುಲೇಟರಲ್ಲಿ ಅಷ್ಟೇ ಶಾಖ ಹೊರಗೆ ಹಾಕಬೇಕಾದ್ರೆ ಬೇರೆ ಕೂಲಿಂಗೇ ಬೇಕು.

ಅದಕ್ಕೇ ರೆಸೊನೆಂಟ್ ಚಾರ್ಜಿಂಗ್. ರೆಸಿಸ್ಟರ್ ಕಿತ್ತು ಅಲ್ಲಿ ಒಂದು ದೊಡ್ಡ ಇಂಡಕ್ಟರ್, ಅದರ ಜೊತೆ ಸೀರೀಸಲ್ಲಿ ಒಂದು ಡಯೋಡ್. ಉಯ್ಯಾಲೆ ಮಧ್ಯಕ್ಕೆ ಬಂದಾಗ ನಿಲ್ಲದೇ ಆಚೆ ಕಡೆ ಅಷ್ಟೇ ಎತ್ತರ ಹೋಗತ್ತಲ್ಲ, ಹಾಗೆ ಪಿಎಫ್‌ಎನ್ ವೋಲ್ಟೇಜು ಸಪ್ಲೈ ಮಟ್ಟಕ್ಕೆ ಬಂದಾಗ ಇಂಡಕ್ಟರಲ್ಲಿ ಕರೆಂಟ್ ಇನ್ನೂ ಜೋರಾಗಿರತ್ತೆ, ಅದು ತಳ್ತಾನೇ ಹೋಗತ್ತೆ, ಸಪ್ಲೈಯ ಎರಡರಷ್ಟಕ್ಕೆ ಏರಿಸಿ ನಿಲ್ಲತ್ತೆ. ವಾಪಸ್ ಬರೋದನ್ನ ಡಯೋಡ್ ತಡೆಯತ್ತೆ. ಅಂದ್ರೆ 12 ವೋಲ್ಟ್ ಸಪ್ಲೈಯಲ್ಲಿ 24 ವೋಲ್ಟ್, ಅದೂ ಕಡಿಮೆ ನಷ್ಟದಲ್ಲಿ. ಪಿಎಫ್‌ಎನ್ ಒಳಗಿನ ಚಿಕ್ಕ ಇಂಡಕ್ಟರ್‌ಗಳು ಈ ನಿಧಾನದ ಆಟಕ್ಕೆ ಇಲ್ಲವೇ ಇಲ್ಲ ಅನ್ನೋ ಹಾಗೆ, ಐದೂ ಕೆಪಾಸಿಟರ್ ಸೇರಿ ಒಂದೇ 110 ನ್ಯಾನೋ ಥರ ಕಾಣತ್ತೆ.

ನಾನು ಕೈಗೆ ಸಿಕ್ತು ಅಂತ 10 ಮಿಲಿಹೆನ್ರಿ ಹಾಕಿದೆ. ಅರ್ಧ ಸೈಕಲ್ π × √(10 ಮಿಲಿ × 110 ನ್ಯಾನೋ), 104 ಮೈಕ್ರೋಸೆಕೆಂಡ್, ಸರಿ ಇದೆ. 24ಕ್ಕಿಂತ ಸ್ವಲ್ಪ ಕಮ್ಮೀನೇ ಬರತ್ತೆ ಅಂತ ಕಾದು ನೋಡಿದ್ರೆ 27 ವೋಲ್ಟ್! ಎರಡರಷ್ಟಕ್ಕಿಂತ ಜಾಸ್ತಿ ಹೆಂಗೆ ಬರತ್ತೆ ಅಂತ ತಲೆ ಕೆರ್ಕೊಂಡೆ. ಆಮೇಲೆ ಹೊಳೀತು, ಮಾಸ್‌ಫೆಟ್ ಆನ್ ಇರೋ 37 ಮೈಕ್ರೋಸೆಕೆಂಡೂ ಇಂಡಕ್ಟರಿನ ಆಚೆ ತುದಿ ಗ್ರೌಂಡಲ್ಲೇ ಇರತ್ತೆ, ಅಷ್ಟರಲ್ಲಿ ಅದರಲ್ಲಿ 44 ಮಿಲಿಆಂಪಿಯರ್ ಬೆಳೆದಿರತ್ತೆ. ಮಾಸ್‌ಫೆಟ್ ಆಫ್ ಆದ ತಕ್ಷಣ ಆ ಕರೆಂಟೂ ಪಿಎಫ್‌ಎನ್ ಒಳಗೇ ಹೋಗೋದು. ನಷ್ಟ ಇಲ್ಲದಿದ್ರೆ 30ರ ತನಕ ಹೋಗೋದು, ತಂತಿಯ ರೆಸಿಸ್ಟೆನ್ಸ್ ಸ್ವಲ್ಪ ತಿಂದು ಹಾಕಿತ್ತು. ಉಪಾಯ ಎರಡಿದೆ, ಇಂಡಕ್ಟರನ್ನ 100 ಮಿಲಿಹೆನ್ರಿ ಮಾಡಿ (ಆಗ ಅರ್ಧ ಸೈಕಲ್ 330 ಮೈಕ್ರೋಸೆಕೆಂಡ್, ನಮಗಿರೋ 10 ಮಿಲಿಸೆಕೆಂಡಲ್ಲಿ ಧಾರಾಳ), ಇಲ್ಲಾ ಆನ್ ಟೈಮನ್ನ ಪಲ್ಸಿಗೆ ಬೇಕಾದಷ್ಟೇ, 15 ಮೈಕ್ರೋಸೆಕೆಂಡಿಗೆ ಇಳಿಸಿ.

ಇದನ್ನ ಇಷ್ಟು ಉದ್ದ ಯಾಕೆ ಎಳೆದೆ ಅಂದ್ರೆ, ನಮ್ಮ ಪಾರ್ಟುಗಳು 100 ವೋಲ್ಟಿಂದು, 27 ಬಂದ್ರೂ ಏನೂ ಆಗಲ್ಲ. ಆದ್ರೆ 20 ಕಿಲೋವೋಲ್ಟ್ ಅಂತ ಲೆಕ್ಕ ಹಾಕಿದ ಕಡೆ 23 ಬಂದ್ರೆ ಏನಾದ್ರೂ ಒಂದು ಸಿಡಿಯತ್ತೆ. ಉಲ್ಟಾ ವೋಲ್ಟೇಜ್ ಉಳಿಯೋದೂ ಇದೇ ಥರದ ಅಪಾಯ: ಮ್ಯಾಗ್ನೆಟ್ರಾನ್ ಒಳಗೆ ಆರ್ಕ್ (ಕಿಡಿ ಹಾರೋದು) ಆಗಿ ಲೋಡ್ ಶಾರ್ಟ್ ಆದ್ರೆ ಪಿಎಫ್‌ಎನ್ ಮೈನಸ್ಸಿಗೆ ಹೋಗತ್ತೆ, ಉಯ್ಯಾಲೆಯನ್ನ ಇನ್ನೂ ಹಿಂದಕ್ಕೆ ಎಳೆದು ಬಿಟ್ಟ ಹಾಗೆ, ಮುಂದಿನ ಚಾರ್ಜು ಎರಡರಷ್ಟಕ್ಕಿಂತ ಮೇಲೆ ಹೋಗತ್ತೆ, ಅದು ಮತ್ತೊಂದು ಆರ್ಕ್ ಮಾಡಿಸತ್ತೆ. ಅದಕ್ಕೇ ನಿಜವಾದ ಮಾಡ್ಯುಲೇಟರಲ್ಲಿ ಆ ಉಲ್ಟಾ ವೋಲ್ಟೇಜನ್ನ ತಿಂದುಹಾಕೋಕೆ ಒಂದು ಡಯೋಡು, ಒಂದು ರೆಸಿಸ್ಟರು ಪಕ್ಕದಲ್ಲಿ ಕೂತಿರತ್ತೆ. ಇನ್ನು ಪ್ರತಿ ಪಲ್ಸೂ ಒಂದೇ ಮಟ್ಟದಲ್ಲಿ ಬರಬೇಕು ಅಂದ್ರೆ, ಪಿಎಫ್‌ಎನ್ ಬೇಕಾದ ವೋಲ್ಟೇಜ್ ಮುಟ್ಟಿದ ಕ್ಷಣದಲ್ಲಿ ಚಾರ್ಜಿಂಗ್ ಇಂಡಕ್ಟರಲ್ಲಿ ಉಳಿದಿರೋ ಎನರ್ಜಿಯನ್ನ ಬೇರೆ ಕಡೆ ತಿರುಗಿಸ್ತಾರೆ, ಇದಕ್ಕೆ ಡಿ-ಕ್ಯೂಯಿಂಗ್ ಅಂತಾರೆ.

ಕಿಲೋವೋಲ್ಟಿಗೆ ಹೋದಾಗ

ಅಮೆರಿಕದ ಸ್ಟ್ಯಾನ್‌ಫರ್ಡಿನ ಸ್ಲ್ಯಾಕ್ ಅನ್ನೋ 3 ಕಿಲೋಮೀಟರ್ ಉದ್ದದ ಆಕ್ಸಿಲರೇಟರ್ ಗೊತ್ತಿರಬಹುದು. ಅಲ್ಲಿ 65 ಮೆಗಾವ್ಯಾಟಿನ ಕ್ಲೈಸ್ಟ್ರಾನಿಗೆ ಸುಮಾರು 350 ಕಿಲೋವೋಲ್ಟ್ ಪಲ್ಸ್ ಬೇಕು. ಹಾಗಂತ ಪಿಎಫ್‌ಎನ್‌ನ ಅಷ್ಟಕ್ಕೆ ಚಾರ್ಜ್ ಮಾಡಲ್ಲ. ಅದನ್ನ ಸುಮಾರು 46 ಕಿಲೋವೋಲ್ಟಿಗೆ ತುಂಬಿ, ಥೈರಟ್ರಾನ್ ಹೊಡೆದಾಗ ಅದರ ಅರ್ಧ, 23 ಕಿಲೋವೋಲ್ಟ್, ಹೊರಗೆ ಬರತ್ತೆ, ಅದನ್ನ 1ಕ್ಕೆ 15ರ ಪಲ್ಸ್ ಟ್ರಾನ್ಸ್‌ಫಾರ್ಮರ್ 350ಕ್ಕೆ ಏರಿಸತ್ತೆ. ನಮ್ಮ 24-12ರ ಲೆಕ್ಕಾನೇ. ಕ್ಯಾನ್ಸರ್ ಆಸ್ಪತ್ರೆಗಳ ರೇಡಿಯೋಥೆರಪಿ ಲಿನಾಕುಗಳಲ್ಲೂ (ಚಿಕ್ಕ ಆಕ್ಸಿಲರೇಟರು) ಎಷ್ಟೋ ಮಾಡೆಲ್ಲುಗಳಲ್ಲಿ ಇದೇ ಥರದ ಮಾಡ್ಯುಲೇಟರು.

ಬದಲಾಗೋದು ಸುತ್ತಮುತ್ತಲಿನದ್ದು. ಇಂಡಕ್ಟರಿನ ಸುತ್ತಿಗೂ ಸುತ್ತಿಗೂ ಮಧ್ಯೆ ಇನ್ಸುಲೇಷನ್ ಬೇಕು, ಚೂಪಾದ ಬೆಸುಗೆ ತುದಿಯಿಂದ ಕೊರೋನಾ (ಸುತ್ತಲಿನ ಗಾಳಿಗೆ ಕರೆಂಟ್ ಸೋರೋದು) ಶುರು ಆಗತ್ತೆ. ಸಪಾಟಾದ ಎರಡು ತಟ್ಟೆ ಮಧ್ಯೆ ಗಾಳಿ ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್ ತಡೆಯತ್ತೆ ನಿಜ, ಚೂಪು ತುದಿ ಇದ್ರೆ ಆ ಲೆಕ್ಕ ನಂಬಬೇಡಿ, ಅದಕ್ಕೇ ಎಲ್ಲವನ್ನೂ ಎಣ್ಣೆಯಲ್ಲಿ ಮುಳುಗಿಸೋದು. ಥೈರಟ್ರಾನು ಒಂದು ಸಲ ಹೊತ್ಕೊಂಡ್ರೆ ಕರೆಂಟ್ ನಿಲ್ಲೋವರೆಗೂ ಆರಲ್ಲ, ಹಾಗಾಗಿ ಅದು ಸುಧಾರಿಸ್ಕೊಳ್ಳೋಕೆ ಟೈಮ್ ಕೊಟ್ಟು ಆಮೇಲೆ ಚಾರ್ಜಿಂಗ್ ಶುರು ಮಾಡಬೇಕು. ವ್ಯಾಕ್ಯೂಮ್ ಟ್ಯೂಬಿಗೆ ಹತ್ತಾರು ಕಿಲೋವೋಲ್ಟ್ ಕೊಟ್ರೆ ಎಕ್ಸ್‌ರೇ ಬರತ್ತೆ, ಕ್ಲೈಸ್ಟ್ರಾನಿನ ಸುತ್ತ ಸೀಸದ ಹೊದಿಕೆ ಇರೋದು ಅದಕ್ಕೆ.

ಇನ್ನು ಬ್ಲೀಡರ್. ಸಪ್ಲೈ ಆಫ್ ಆದ ಮೇಲೂ ಚಾರ್ಜ್ ಉಳ್ಕೊಂಡಿರತ್ತೆ, ಅದನ್ನ ಇಳಿಸೋಕೆ ಯಾವಾಗ್ಲೂ ಅಂಟ್ಕೊಂಡೇ ಇರೋ ರೆಸಿಸ್ಟರ್. ಉದಾಹರಣೆಗೆ 0.1 ಮೈಕ್ರೋಫ್ಯಾರಡ್, 10 ಕಿಲೋವೋಲ್ಟ್, ಅಂದ್ರೆ 5 ಜೂಲ್. 100 ಮೆಗಾಓಮ್ ಬ್ಲೀಡರ್ ಹಾಕಿದ್ರೆ ಟೈಮ್ ಕಾನ್‌ಸ್ಟಂಟ್ 10 ಸೆಕೆಂಡ್, 50 ವೋಲ್ಟಿಗೆ ಇಳಿಯೋಕೆ 53 ಸೆಕೆಂಡ್. ನೋಡಿ, ಹತ್ತಿರ ಹತ್ತಿರ ಒಂದು ನಿಮಿಷ. ಮತ್ತೆ ಆ 100 ಮೆಗಾ ಅನ್ನೋದು ಒಂದೇ ಕಾಲು ವ್ಯಾಟ್ ರೆಸಿಸ್ಟರ್ ಆಗಿದ್ರೆ ಅದು ಕೆಲವೇ ನೂರು ವೋಲ್ಟ್ ತಡೆಯೋದು, ಮೇಲಿಂದ ಮೇಲೆ ಸ್ಪಾರ್ಕ್ ಆಗಿ ಸತ್ತು ಹೋಗಿರತ್ತೆ, ಬ್ಲೀಡರ್ ಇದೆ ಅನ್ನೋ ನಂಬಿಕೆ ಮಾತ್ರ ಉಳಿದಿರತ್ತೆ. ಹೈ ವೋಲ್ಟೇಜ್ ರೆಸಿಸ್ಟರೇ ಬೇಕು, ಇಲ್ಲಾ ತುಂಬಾ ರೆಸಿಸ್ಟರ್‌ನ ಸರ ಮಾಡ್ಬೇಕು. ಒಂದೇ ಸರ ನಂಬದೇ ಎರಡು ಹಾಕೋರು ಬುದ್ಧಿವಂತರು. ಸಾಮಾನ್ಯ ಮಲ್ಟಿಮೀಟರಿನ ಪ್ರೋಬ್ ಇದಕ್ಕೆ ಹಚ್ಚೋ ಯೋಚನೆನೂ ಬೇಡ, ಅದರ ಮಿತಿ 600, ಹೆಚ್ಚಂದ್ರೆ 1000 ವೋಲ್ಟ್.

ಮೈಕ್ರೋವೇವ್ ಓವನ್ ಬಿಚ್ಚಿ ಕಲಿಯೋಣ ಅನ್ನೋರಿಗೆ ಒಂದೇ ಮಾತು, ಬೇಡ. ಅದರ ಕೆಪಾಸಿಟರ್ ಸುಮಾರು 1 ಮೈಕ್ರೋಫ್ಯಾರಡ್, 2 ಸಾವಿರ ವೋಲ್ಟ್, ಹಿಂದಿರೋ ಟ್ರಾನ್ಸ್‌ಫಾರ್ಮರು ನಿಮ್ಮನ್ನ ಹಿಡ್ಕೊಂಡ್ರೆ ಬಿಡೋವಂಥದ್ದಲ್ಲ.

ಲ್ಯಾಬಲ್ಲಿ ಕೆಲಸ ಮಾಡೋ ಅವಕಾಶ ಸಿಕ್ಕಿದ್ರೆ ಮೊದಲು ಕಲಿಯಬೇಕಾದ್ದು ಗ್ರೌಂಡಿಂಗ್ ಕೋಲು ಹಿಡಿಯೋದು. ಉದ್ದ ಇನ್ಸುಲೇಟೆಡ್ ಕೋಲು, ತುದೀಲಿ ಕೊಕ್ಕೆ, ಅದರಿಂದ ಗ್ರೌಂಡಿಗೆ ದಪ್ಪ ತಂತಿ, ಮೊದಲು ಗ್ರೌಂಡ್ ಕಡೆ ಸರಿಯಾಗಿ ಬಿಗಿದಿದೆಯಾ ಅಂತ ಎಳೆದು ನೋಡಬೇಕು. ಮೊದಲ ಸಲ ಮುಟ್ಟಿಸೋದು ಸೀರೀಸಲ್ಲಿ ರೆಸಿಸ್ಟರ್ ಇರೋ ಕೋಲಿಂದ, ನಿಧಾನವಾಗಿ ಇಳಿಯಲಿ ಅಂತ, ಆಮೇಲೆ ನೇರ ಕೋಲು. ಪಿಎಫ್‌ಎನ್‌ನ ಪ್ರತಿ ಕೆಪಾಸಿಟರಿಗೂ ಬೇರೆ ಬೇರೆಯಾಗಿ ಮುಟ್ಟಿಸಬೇಕು, ಮಧ್ಯದ ಯಾವುದೋ ಇಂಡಕ್ಟರ್ ಕಿತ್ತು ಹೋಗಿದ್ರೆ ಅದರಾಚೆ ಇರೋವು ತುಂಬಿಕೊಂಡೇ ಕೂತಿರತ್ತೆ. ಮುಟ್ಟಿಸಿ ತೆಗೆದು ಬಿಡೋದಲ್ಲ, ಶಾರ್ಟ್ ಮಾಡಿದ ಹೈ ವೋಲ್ಟೇಜ್ ಕೆಪಾಸಿಟರು ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಡೈಎಲೆಕ್ಟ್ರಿಕ್ಕಲ್ಲಿ (ತಟ್ಟೆಗಳ ನಡುವಿನ ಇನ್ಸುಲೇಷನ್) ಹೀರ್ಕೊಂಡಿದ್ದನ್ನ ವಾಪಸ್ ಬಿಟ್ಟು ತಾನಾಗೇ ಮತ್ತೆ ವೋಲ್ಟೇಜ್ ತೋರಿಸತ್ತೆ. ಕೈ ಒಳಗಿರೋವರೆಗೂ ಕೊಕ್ಕೆ ಅಲ್ಲೇ ನೇತಾಡ್ತಿರಲಿ, ಕೆಲಸ ಮುಗಿಸಿ ಬಾಗಿಲು ಮುಚ್ಚೋ ಮುಂಚೆ ತೆಗೆದ್ರೆ ಸಾಕು.